ಸೈಕಲ್ಲಿಗೆ ಸ್ಪ್ರಿಂಗು ಬಂದ ಬಗೆ

ಹಳ್ಳಿಯ ಗಾಡಿದಾರಿಯಲ್ಲಿ ಸೈಕಲ್ ತುಳಿದವರಿಗೆಲ್ಲ ಒಂದು ವಿದ್ಯೆ ತಾನಾಗಿಯೇ ಬಂದಿರುತ್ತದೆ. ಮುಂದೆ ಕಲ್ಲೋ ಹಳ್ಳವೋ ಕಂಡ ಕೂಡಲೇ ತುಳಿಯುವುದನ್ನು ನಿಲ್ಲಿಸಿ, ಎರಡೂ ಪೆಡಲುಗಳನ್ನು ಒಂದೇ ಮಟ್ಟಕ್ಕೆ ತಂದು, ಸೀಟಿನಿಂದ ತುಸು ಮೇಲೆದ್ದು ಮೊಣಕಾಲನ್ನು ಸಡಿಲ ಬಿಡುವುದು. ಆಗ ಸೈಕಲ್ಲು ಕೆಳಗೆ ಎಷ್ಟು ಕುಣಿದರೂ ಸವಾರನ ಬೆನ್ನಿಗೆ ಪೆಟ್ಟು ತಟ್ಟುವುದಿಲ್ಲ. ಹಿಂದೆ ಕ್ಯಾರಿಯರ್ ಮೇಲೆ ಕುಳಿತವನ ಪಾಡು ಮಾತ್ರ ದೇವರಿಗೇ ಪ್ರೀತಿ! ಹಳೆಯ ಕರಿ ಸೈಕಲ್ಲಿನ ಚರ್ಮದ ಸೀಟಿನ ಅಡಿಯಲ್ಲಿದ್ದ ಸುರುಳಿ ಸ್ಪ್ರಿಂಗುಗಳನ್ನು ಬಿಟ್ಟರೆ, ಆ ಇಡೀ ವಾಹನದಲ್ಲಿ ಕುಲುಕಾಟವನ್ನು ತಡೆಯುವ ಸಾಧನವೆಂದರೆ ಸವಾರನ ಕಾಲುಗಳು ಮತ್ತು ಟಯರಿನೊಳಗಿನ ಗಾಳಿ, ಅಷ್ಟೇ.

ಜಟಕಾ ಗಾಡಿಗೆ ಸ್ಪ್ರಿಂಗ್ ಪಟ್ಟಿ ಇತ್ತು. ಮೋಟಾರು ಕಾರಿಗೆ ಹುಟ್ಟಿನಿಂದಲೇ ಇತ್ತು. ಮೋಟಾರ್ ಸೈಕಲ್ಲಿಗೆ ಬಹುಬೇಗ ಬಂತು. ಹಾಗಾದರೆ ಸೈಕಲ್ಲು ಮಾತ್ರ ಸುಮಾರು ನೂರು ವರ್ಷ ಇದಿಲ್ಲದೆ ಉಳಿದದ್ದೇಕೆ? ಇಂದು ಕಾಡುದಾರಿಗಳಲ್ಲಿ ಓಡುವ, ಮುಂದೆಯೂ ಹಿಂದೆಯೂ ಷಾಕ್ ಅಬ್ಸಾರ್ಬರ್ ಇರುವ ‘ಫುಲ್ ಸಸ್ಪೆನ್ಷನ್’ ಬೆಟ್ಟದ ಸೈಕಲ್ಲಿನ ಕಥೆಯಲ್ಲಿ ಇದಕ್ಕೆ ಉತ್ತರವಿದೆ. ಸ್ಪ್ರಿಂಗು ಮಾಡಲು ಜನರಿಗೆ ಬರುತ್ತಿರಲಿಲ್ಲ ಎಂಬುದು ಆ ಉತ್ತರವಲ್ಲ. ಸೈಕಲ್ಲಿನ ಎಂಜಿನ್ ಮನುಷ್ಯನ ಕಾಲು ಎಂಬುದೇ ಕಷ್ಟಕ್ಕೆಲ್ಲ ಮೂಲ.

ವಾಸ್ತವವಾಗಿ ಸೈಕಲ್ಲಿಗೆ ಸ್ಪ್ರಿಂಗು ಬಹಳ ಹಿಂದೆಯೇ ಬಂದು ಹೋಗಿತ್ತು. 1860ರ ದಶಕದ ಸೈಕಲ್ಲುಗಳ ಚಕ್ರ ಮರದ್ದು, ಅದರ ಸುತ್ತ ಕಬ್ಬಿಣದ ಪಟ್ಟಿ. ಕಲ್ಲು ಹಾಸಿದ ಬೀದಿಯಲ್ಲಿ ಅದರ ಸವಾರಿ ಹೇಗಿತ್ತೆಂದರೆ ಇಂಗ್ಲಿಷರು ಅದನ್ನು ‘ಮೂಳೆ ಅಲುಗಿಸುವ ಗಾಡಿ’ ಎಂದೇ ಕರೆದರು. ಆಮೇಲೆ ಗಟ್ಟಿ ರಬ್ಬರಿನ ಟಯರು ಬಂದರೂ ನೋವು ಪೂರ್ತಿ ಹೋಗಲಿಲ್ಲ. 1885ರಲ್ಲಿ ಲಂಡನ್ನಿನ ಲಿನ್ಲಿ ಮತ್ತು ಬಿಗ್ಸ್ ಕಂಪನಿಯವರು ‘ವಿಪ್ಪೆಟ್’ ಎಂಬ ಸೈಕಲ್ಲನ್ನು ತಂದರು. ಅದರಲ್ಲಿ ಹ್ಯಾಂಡಲ್, ಸೀಟು ಮತ್ತು ಪೆಡಲು ಮೂರೂ ಒಂದು ಭಾಗವಾಗಿ ಸ್ಪ್ರಿಂಗಿನ ಮೇಲೆ ತೂಗುತ್ತಿದ್ದವು. ಚಕ್ರಗಳು ಎಷ್ಟು ಕುಣಿದರೂ ಸವಾರನಿಗೂ ಪೆಡಲಿಗೂ ನಡುವಿನ ದೂರ ಬದಲಾಗುತ್ತಿರಲಿಲ್ಲ. ಜಾಣತನದ ಕೆಲಸ. ಆದರೆ ಮೂರೇ ವರ್ಷದಲ್ಲಿ, 1888ರಲ್ಲಿ, ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ. ಗಾಳಿಯೇ ಸ್ಪ್ರಿಂಗಾಯಿತು; ಹಗುರವೂ ಆಯಿತು, ವೇಗವೂ ಹೆಚ್ಚಿತು. ವಿಪ್ಪೆಟ್ ಮತ್ತು ಅದರ ಬಂಧುಗಳೆಲ್ಲ ಮೂಲೆ ಸೇರಿದವು. 1962ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಎಂಬ ಎಂಜಿನಿಯರ್, ಮಿನಿ ಕಾರಿಗೆ ರಬ್ಬರಿನ ಸಸ್ಪೆನ್ಷನ್ ಮಾಡಿಕೊಟ್ಟವನು, ಅದೇ ರಬ್ಬರನ್ನು ಪುಟ್ಟ ಚಕ್ರದ ಸೈಕಲ್ಲಿಗೆ ಅಳವಡಿಸಿ ಹೆಸರು ಮಾಡಿದ. ಅದು ಪೇಟೆ ರಸ್ತೆಯ ಸೈಕಲ್ಲು. ಬೆಟ್ಟದ ಕಥೆ ಶುರುವಾಗುವುದು ಬೇರೆ ಖಂಡದಲ್ಲಿ.

ಕ್ಯಾಲಿಫೋರ್ನಿಯಾದ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಉತ್ತರಕ್ಕೆ ಮರಿನ್ ಎಂಬ ಜಿಲ್ಲೆ. ಅಲ್ಲಿನ ಟಮಲ್‌ಪಾಯಿಸ್ ಬೆಟ್ಟದ ಸುತ್ತಮುತ್ತ ಕಾಳ್ಗಿಚ್ಚು ಆರಿಸುವ ವಾಹನಗಳಿಗೆಂದು ಕಡಿದ ಮಣ್ಣುದಾರಿಗಳಿದ್ದವು. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರು, ಅವರಲ್ಲಿ ಹಲವರು ರಸ್ತೆ ಸೈಕಲ್ ರೇಸಿನವರೇ, ಗುಜರಿಯಿಂದ 1930-40ರ ದಶಕದ ಶ್ವಿನ್ ಕಂಪನಿಯ ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಚಿಲ್ಲರೆ ಕಾಸಿಗೆ ಕೊಂಡು, ಮಡ್‌ಗಾರ್ಡು ಮೊದಲಾದುವನ್ನು ಕಿತ್ತೆಸೆದು, ಬೆಟ್ಟದ ನೆತ್ತಿಗೆ ಸಾಗಿಸಿ, ಅಲ್ಲಿಂದ ಕೆಳಕ್ಕೆ ಬಿಡುತ್ತಿದ್ದರು. 1976ರ ಅಕ್ಟೋಬರ್ 21ರಂದು ಚಾರ್ಲಿ ಕೆಲ್ಲಿ ಎಂಬಾತ ಇದನ್ನೇ ಪಂದ್ಯವಾಗಿ ಏರ್ಪಡಿಸಿದ. ಫೇರ್‌ಫ್ಯಾಕ್ಸ್ ಊರಿನ ಬಳಿಯ ಆ ದಾರಿ ಸುಮಾರು ಮೂರೂಕಾಲು ಕಿಲೋಮೀಟರು. ಇಳಿತ ಸುಮಾರು 400 ಮೀಟರು. ಆ ಸೈಕಲ್ಲುಗಳಲ್ಲಿ ಬ್ರೇಕು ಹಿಂದಿನ ಚಕ್ರದ ಹಬ್ಬಿನೊಳಗೆ; ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥದು. ಒಂದು ಸಲ ಕೆಳಗಿಳಿಯುವಷ್ಟರಲ್ಲಿ ಹಬ್ಬು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹೀಗೆ ಮತ್ತೆ ತುಂಬುವ ಕೆಲಸದಿಂದಲೇ ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂತು. ಗ್ಯಾರಿ ಫಿಷರ್ ಅದನ್ನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದ ದಾಖಲೆ ಮಾತಿನಲ್ಲಿ ಇಂದಿಗೂ ಓಡಾಡುತ್ತದೆ.

ಇಲ್ಲಿಂದ ಮುಂದೆ ಬೆಳವಣಿಗೆ ಬೇಗ ಆಯಿತು. ಹಳೆಯ ಶ್ವಿನ್ ಚೌಕಟ್ಟುಗಳು ಬಾಗುತ್ತ, ಮುರಿಯುತ್ತ ಬಂದಾಗ ಅದೇ ಗುಂಪಿನ ಜೋ ಬ್ರೀಜ್ 1977ರಲ್ಲಿ ಈ ಕೆಲಸಕ್ಕೆಂದೇ ಹೊಸ ಚೌಕಟ್ಟು ಬೆಸೆದ. 1979ರಲ್ಲಿ ಫಿಷರ್ ಮತ್ತು ಕೆಲ್ಲಿ ಸೇರಿ, ಟಾಮ್ ರಿಚಿ ಕಟ್ಟಿಕೊಟ್ಟ ಚೌಕಟ್ಟುಗಳಿಂದ ಸೈಕಲ್ ಮಾಡಿ ಮಾರತೊಡಗಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿ ತಂದ ‘ಸ್ಟಂಪ್‌ಜಂಪರ್’ ಬೆಟ್ಟದ ಸೈಕಲ್ಲನ್ನು ಸಾಮಾನ್ಯ ಅಂಗಡಿಗೆ ತಲುಪಿಸಿತು. ಇಷ್ಟಾದರೂ ಸ್ಪ್ರಿಂಗು ಎಲ್ಲಿಯೂ ಇಲ್ಲ. ದಪ್ಪ ಟಯರು, ಗಟ್ಟಿ ಚೌಕಟ್ಟು, ಸವಾರನ ಮೊಣಕಾಲು ಮೊಣಕೈ. ರೀಪ್ಯಾಕಿನ ವೀರರೆಲ್ಲ ಇಳಿದದ್ದು ಇಷ್ಟರ ಮೇಲೆಯೇ.

ಸ್ಪ್ರಿಂಗು ತಂದವರು ಮೋಟಾರ್ ಸೈಕಲ್ಲಿನ ಕಡೆಯವರು. ಹೋಂಡಾ ಮೋಟೋಕ್ರಾಸ್ ತಂಡದಲ್ಲಿ ಮೆಕ್ಯಾನಿಕ್ ಆಗಿದ್ದ ಪಾಲ್ ಟರ್ನರ್, ಸ್ಟೀವ್ ಸೈಮನ್ಸ್ ಜೊತೆಗೂಡಿ 1989ರಲ್ಲಿ ‘ರಾಕ್‌ಶಾಕ್ಸ್’ ಎಂಬ ಮುಂಫೋರ್ಕನ್ನು ಮಾರಾಟಕ್ಕೆ ತಂದ. ಒಂದು ಕೊಳವೆ ಇನ್ನೊಂದರೊಳಗೆ ಜಾರುವುದು. ಒಳಗೆ ಒತ್ತಿದ ಗಾಳಿ ಸ್ಪ್ರಿಂಗಿನಂತೆ. ಸಣ್ಣ ರಂಧ್ರಗಳ ಮೂಲಕ ಹಾಯುವ ಎಣ್ಣೆ ಅದರ ಪುಟಿತಕ್ಕೆ ಕಡಿವಾಣ. ಚಲನೆ ಎರಡು ಅಂಗುಲ ಮಾತ್ರ. ಅದೇ ಹೊತ್ತಿಗೆ ಕೊಲೊರಾಡೋದ ಡಗ್ ಬ್ರಾಡ್‌ಬರಿ ರಬ್ಬರಿನಂಥ ಬಿಲ್ಲೆಗಳನ್ನು ಪೇರಿಸಿದ ‘ಮ್ಯಾನಿಟೂ’ ಫೋರ್ಕನ್ನು ಮಾಡಿದ. ನಕ್ಕವರಿಗೇನೂ ಕೊರತೆಯಿರಲಿಲ್ಲ, ಭಾರ ಹೆಚ್ಚು, ಗಂಡಸ್ತನ ಕಡಿಮೆ ಎಂಬ ಧಾಟಿಯ ಮಾತುಗಳು. 1990ರಲ್ಲಿ ಕೊಲೊರಾಡೋದ ಡುರಾಂಗೋದಲ್ಲಿ ಬೆಟ್ಟದ ಸೈಕಲ್ಲಿನ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಇಳಿಜಾರಿನ ಸ್ಪರ್ಧೆಯನ್ನು ಗ್ರೆಗ್ ಹರ್ಬೋಲ್ಡ್ ಗೆದ್ದದ್ದು ರಾಕ್‌ಶಾಕ್ಸ್ ಫೋರ್ಕಿನ ಮೇಲೆ. ನಗು ನಿಂತಿತು.

ಮುಂದಿನ ಚಕ್ರದ ಸಮಸ್ಯೆ ಸುಲಭದ್ದು. ಅದಕ್ಕೆ ಚೈನಿಲ್ಲ, ಸವಾರನ ಬಲ ಅದರ ಮೂಲಕ ನೆಲ ಮುಟ್ಟಬೇಕಾಗಿಲ್ಲ. ಹಿಂದಿನ ಚಕ್ರದ ಬಳಿಗೆ ಬಂದಾಗ ನಿಜವಾದ ತೊಡಕು ಎದುರಾಯಿತು. ಮೋಟಾರ್ ಸೈಕಲ್ಲಿನಲ್ಲಿ ಎಂಜಿನ್ ಚೌಕಟ್ಟಿಗೆ ಬಿಗಿದು ಕೂತಿರುತ್ತದೆ, ಅದು ಎಡೆಬಿಡದೆ ತಿರುಗುತ್ತದೆ, ಶಕ್ತಿಯೂ ಧಾರಾಳ. ಸ್ವಲ್ಪ ಪೋಲಾದರೆ ಪೆಟ್ರೋಲಿನ ಲೆಕ್ಕ. ಸೈಕಲ್ಲಿನಲ್ಲಿ ಹಾಗಲ್ಲ. ಪೆಡಲಿನ ಒಂದೊಂದು ಸುತ್ತಿಗೂ ಕಾಲು ಎರಡು ಬಾರಿ ಒತ್ತುತ್ತದೆ, ನಡುವೆ ಎರಡು ಬಾರಿ ಸಡಿಲವಾಗುತ್ತದೆ. ಜೊತೆಗೆ ಸವಾರನ ಮೈಯೂ ಮೇಲೆ ಕೆಳಗೆ ತೂಗುತ್ತದೆ. ಹಿಂದೆ ಸ್ಪ್ರಿಂಗು ಇದ್ದರೆ ಪ್ರತಿ ತುಳಿತಕ್ಕೂ ಅದು ಕುಸಿದು ಏಳುತ್ತದೆ. ಏರು ಹತ್ತುವವನು ಬೆವರು ಸುರಿಸಿ ತುಳಿದ ಬಲದಲ್ಲಿ ಒಂದು ಪಾಲು ಚಕ್ರ ತಿರುಗಿಸುವ ಬದಲು ಸ್ಪ್ರಿಂಗನ್ನು ಅಮುಕುವುದರಲ್ಲೇ ಹೋಗುತ್ತದೆ. ಹೊಯ್ಗೆಯಲ್ಲಿ ನಡೆದಂತೆ.

ಇದಕ್ಕೆ ಚೈನನ್ನೇ ಮದ್ದಾಗಿ ಬಳಸಬಹುದು ಎಂದು ಕೆಲವರು ಕಂಡುಕೊಂಡರು. ಸ್ಪ್ರಿಂಗು ಕುಸಿಯುವಾಗ ಹಿಂದಿನ ಚಕ್ರ ಪೆಡಲಿನ ಅಚ್ಚಿನಿಂದ ತುಸು ದೂರ ಸರಿಯುವಂತೆ ಕೀಲನ್ನು ಕೂರಿಸಿದರೆ, ತುಳಿದಾಗ ಬಿಗಿಯಾಗುವ ಚೈನು ಚಕ್ರವನ್ನು ಪೆಡಲಿನ ಅಚ್ಚಿನ ಕಡೆಗೆಳೆದು ಕುಸಿತವನ್ನು ತಡೆಯುತ್ತದೆ. ಆದರೆ ಅತಿಯಾದರೆ ಅದೇ ವಿಷ. ಚಕ್ರ ಕಲ್ಲಿಗೆ ಬಡಿದಾಗ ಚೈನು ಪೆಡಲನ್ನು ಹಿಂದಕ್ಕೆ ಒದೆಯುತ್ತದೆ. ಕಾಲಿಗೆ ಕೊಟ್ಟರೆ ಕಲ್ಲಿಗೆ ಕೊಡಬೇಕಾದದ್ದು ಕಡಿಮೆ. ಕಲ್ಲಿಗೆ ಕೊಟ್ಟರೆ ಕಾಲಿಗೆ ಕಡಿಮೆ. ಕಳೆದ ಮೂವತ್ತೈದು ವರ್ಷಗಳಲ್ಲಿ ಬಂದ ನೂರೆಂಟು ಬಗೆಯ ಸನ್ನೆ, ಕೀಲು, ಕೊಂಡಿಗಳೆಲ್ಲ ಈ ಒಂದು ಜಗಳದ ರಾಜಿಸೂತ್ರಗಳು.

ಕೆಲವು ರಾಜಿಗಳು ಚೆನ್ನಾಗಿ ಸೋತವು. 1990ರ ದಶಕದ ನಡುವೆ ಬಹಳ ಮೆರೆದ ಒಂದು ವಿನ್ಯಾಸದಲ್ಲಿ ಪೆಡಲಿನ ಅಚ್ಚನ್ನು ಹಿಂದಿನ ಚಕ್ರದ ತ್ರಿಕೋನಕ್ಕೇ ಜೋಡಿಸಿದ್ದರು. ಇಂಗ್ಲಿಷ್ ವೈ ಅಕ್ಷರದಂತಿದ್ದ ಟ್ರೆಕ್ ಕಂಪನಿಯ ಸೈಕಲ್ಲು ಇದರಲ್ಲಿ ಹೆಸರಾದದ್ದು. ಚೈನಿನ ಕಾಟವೇ ತಪ್ಪಿತು. ಆದರೆ ಸವಾರ ಎದ್ದು ನಿಂತರೆ ಅವನ ಭಾರವೆಲ್ಲ ಹಿಂದಿನ ತ್ರಿಕೋನದ ಮೇಲೆ ಬಿದ್ದು ಸ್ಪ್ರಿಂಗು ಬಹುಮಟ್ಟಿಗೆ ಕೆಲಸ ನಿಲ್ಲಿಸುತ್ತಿತ್ತು. ಒರಟು ಇಳಿಜಾರಿನಲ್ಲಿ ಸವಾರ ನಿಲ್ಲುವುದು ಸಹಜ. ಸ್ಪ್ರಿಂಗು ಬೇಕಾದದ್ದೂ ಆಗಲೇ. ನೋಡಲು ಬಲು ಚೆಂದವಿದ್ದ ಆ ಸೈಕಲ್ಲು ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು.

ಉಳಿದದ್ದು ಬೇರೊಬ್ಬನದು. ಹಾರ್ಸ್ಟ್ ಲೈಟ್ನರ್ ಆಸ್ಟ್ರಿಯಾದವನು, ಮೋಟೋಕ್ರಾಸ್ ಓಡಿಸಿದವನು. ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿ ಎಎಂಪಿ ರಿಸರ್ಚ್ ಎಂಬ ಕಂಪನಿ ನಡೆಸಿದ. ಹಿಂದಿನ ಚಕ್ರದ ಅಚ್ಚಿಗೆ ಸ್ವಲ್ಪ ಮುಂದೆ, ಕೆಳಗಿನ ತೋಳಿನಲ್ಲಿ, ಅವನೊಂದು ಪುಟ್ಟ ಕೀಲು ಇಟ್ಟ. ಅಷ್ಟೇ. ಇದರಿಂದ ಚಕ್ರವನ್ನೂ ಬ್ರೇಕನ್ನೂ ಹೊತ್ತ ತುಂಡು ಮುಖ್ಯ ಚೌಕಟ್ಟಿಗೆ ನೇರವಾಗಿ ಕಟ್ಟಿಬೀಳದೆ, ನಾಲ್ಕು ಕೊಂಡಿಗಳ ನಡುವೆ ತೇಲುವಂತಾಯಿತು. ತುಳಿದಾಗ ಕುಸಿತ ಹಿಡಿತಕ್ಕೆ ಬಂತು. ಬ್ರೇಕು ಹಿಡಿದಾಗಲೂ ಸ್ಪ್ರಿಂಗು ಬಿಗಿಯದೆ ಕೆಲಸ ಮಾಡಿತು. ‘ಹಾರ್ಸ್ಟ್ ಲಿಂಕ್’ ಎಂದು ಅವನ ಹೆಸರಿನಲ್ಲೇ ಕರೆಯುವ ಈ ಕೀಲಿನ ಪೇಟೆಂಟನ್ನು 1998ರಲ್ಲಿ ಸ್ಪೆಷಲೈಸ್ಡ್ ಕಂಪನಿ ಕೊಂಡಿತು. ಅಲ್ಲಿಂದ ಮುಂದೆ ಅಮೆರಿಕದಲ್ಲಿ ಬೇರೆ ಯಾರೇ ಆ ಕೀಲನ್ನು ಬಳಸಬೇಕಾದರೂ ಅದರ ಪರವಾನಗಿ ಬೇಕಿತ್ತು. ಕೆಲವರು ದುಡ್ಡು ಕೊಟ್ಟರು. ಉಳಿದವರು ಕೀಲನ್ನು ಕೆಲವೇ ಸೆಂಟಿಮೀಟರು ಆಚೀಚೆ ಸರಿಸಿ ಬೇರೆಯದೇ ವಿನ್ಯಾಸ ಹುಡುಕಿದರು. ಇಂದಿನ ಬೆಟ್ಟದ ಸೈಕಲ್ಲುಗಳ ವೈವಿಧ್ಯಕ್ಕೆ ಬುದ್ಧಿವಂತಿಕೆಯಷ್ಟೇ ವಕೀಲರೂ ಕಾರಣ ಎಂದರೆ ಅತಿಶಯೋಕ್ತಿ ಆಗಲಾರದು. 2013ರಲ್ಲಿ ಪೇಟೆಂಟಿನ ಅವಧಿ ಮುಗಿದು ಕೀಲು ಎಲ್ಲರದಾಯಿತು.

ಏರೂ ಇಳಿತವೂ ಇರುವ ಕ್ರಾಸ್‌ಕಂಟ್ರಿ ಸ್ಪರ್ಧಿಗಳು ಮಾತ್ರ ಬಹುಕಾಲ ಹಿಂದಿನ ಸ್ಪ್ರಿಂಗನ್ನು ನಂಬಲಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಕ್ರೀಡೆ ಮೊದಲ ಸಲ ಸೇರಿದಾಗ ಪುರುಷರ ಚಿನ್ನ ಗೆದ್ದ ನೆದರ್ಲೆಂಡ್ಸಿನ ಬಾರ್ಟ್ ಬ್ರೆಂಟ್ಯೆನ್ಸ್ ಓಡಿಸಿದ್ದು ಹಿಂದೆ ಗಟ್ಟಿಯಾಗಿದ್ದ ಸೈಕಲ್ಲನ್ನೇ. ಹಗುರ ಕಾರ್ಬನ್ ಚೌಕಟ್ಟು, ಗಾಳಿಯ ಷಾಕು, ತುಳಿತಕ್ಕೂ ಕಲ್ಲೇಟಿಗೂ ವ್ಯತ್ಯಾಸ ಗುರುತಿಸುವ ಕವಾಟಗಳು ಒಂದೊಂದಾಗಿ ಬಂದವು. 2012ರಲ್ಲಿ ಲಂಡನ್ನಿನಲ್ಲಿ ಚೆಕ್ ಗಣರಾಜ್ಯದ ಯಾರೋಸ್ಲಾವ್ ಕುಲ್ಹಾವಿ ಚಿನ್ನ ಗೆದ್ದದ್ದು ಫುಲ್ ಸಸ್ಪೆನ್ಷನ್ ಮೇಲೆ. ಕಾಲು ಮತ್ತು ಕಲ್ಲಿನ ನಡುವಿನ ರಾಜಿ ಕೊನೆಗೂ ಸ್ಪರ್ಧೆಯಲ್ಲಿ ಗೆಲ್ಲುವಷ್ಟು ಪಕ್ವವಾಗಿತ್ತು.

ಇಂಥ ಸೈಕಲ್ಲನ್ನು ಅಂಗಡಿಯಿಂದ ತಂದ ದಿನ ಅದು ಅರ್ಧ ಸಿದ್ಧವಾದ ವಸ್ತು. ಉಳಿದರ್ಧ ಸವಾರನ ಮೈತೂಕ. 50 ಕಿಲೋದವನಿಗೂ 90 ಕಿಲೋದವನಿಗೂ ಒಂದೇ ಸ್ಪ್ರಿಂಗು ಒಪ್ಪುವುದಿಲ್ಲ. ಹೆಲ್ಮೆಟ್, ಬೂಟು, ನೀರಿನ ಚೀಲ ಸಮೇತ ಮೆಲ್ಲಗೆ ಹತ್ತಿ ಕುಳಿತಾಗ ಷಾಕು ತನ್ನ ಪೂರ್ಣ ಚಲನೆಯ ಸುಮಾರು ಶೇಕಡಾ 25ರಿಂದ 30ರಷ್ಟು ತಾನಾಗಿಯೇ ತಗ್ಗಬೇಕು. ಷಾಕಿನ ದಂಡದ ಮೇಲೆ ಒಂದು ರಬ್ಬರಿನ ಉಂಗುರವಿರುತ್ತದೆ. ಅದನ್ನು ಬುಡಕ್ಕೆ ಸರಿಸಿ, ಕುಳಿತು, ಕುಲುಕದೆ ಇಳಿದು ಅಳೆದರೆ ಲೆಕ್ಕ ಸಿಕ್ಕುತ್ತದೆ. ದಂಡದ ಚಲನೆ 60 ಮಿಲಿಮೀಟರಿದ್ದರೆ 15ರಿಂದ 18 ಮಿಲಿಮೀಟರು ತಗ್ಗಿರಬೇಕು. ಕಡಿಮೆಯಾದರೆ ಗಾಳಿ ಬಿಡಬೇಕು, ಹೆಚ್ಚಾದರೆ ತುಂಬಬೇಕು. ಹೀಗೇಕೆ ತಗ್ಗಬೇಕೆಂದರೆ, ಚಕ್ರ ಉಬ್ಬಿಗೆ ಮೇಲೇರಿದಂತೆ ಗುಂಡಿಗೆ ಕೆಳಕ್ಕೂ ಇಳಿಯಬೇಕು. ಮೊದಲೇ ತುದಿಯಲ್ಲಿ ನಿಂತ ಸ್ಪ್ರಿಂಗಿಗೆ ಇಳಿಯಲು ಜಾಗವಿಲ್ಲ. ಗಾಳಿ ತುಂಬಲು ಮನೆಯ ಮಾಮೂಲಿ ಪಂಪು ಸಾಲದು. ಬೆಟ್ಟದ ಟಯರಿಗೆ ಚದರ ಅಂಗುಲಕ್ಕೆ 25 ಪೌಂಡಿನ ಆಸುಪಾಸು ಸಾಕಾದರೆ, ಷಾಕಿಗೆ 150, 200 ಕೂಡ ಬೇಕಾಗುತ್ತದೆ. ಅದಕ್ಕೆಂದೇ ಸಣ್ಣ ಪಂಪು ಸಿಗುತ್ತದೆ. ಪುಟಿತದ ವೇಗಕ್ಕೆ ಬೇರೆ ತಿರುಪು ಉಂಟು. ಫುಟ್‌ಪಾತಿನ ಅಂಚಿನಿಂದ ಕುಳಿತೇ ಇಳಿದಾಗ ಸೈಕಲ್ಲು ಒಮ್ಮೆ ಪುಟಿದು ನೆಲೆಗೊಳ್ಳಬೇಕು. ಎರಡು ಮೂರು ಸಲ ಕುಣಿದರೆ ತಿರುಪು ಬಿಗಿ ಮಾಡಬೇಕು. ಮಲೆನಾಡಿನಂಥ ಕಡೆ ಕೆಸರಿನಲ್ಲಿ ಓಡಿಸಿದ ಮೇಲೆ ತೊಳೆಯುವಾಗ ಕೀಲುಗಳ ಬೇರಿಂಗಿಗೆ ರಭಸದ ನೀರು ಬಿಡಬಾರದು.

ನಮ್ಮ ಪೇಟೆಗಳ ಅಂಗಡಿ ಮುಂದೆ ಸಾಲಾಗಿ ನಿಲ್ಲುವ ‘ಡಬಲ್ ಷಾಕರ್’ ಎಂಬ ಅಗ್ಗದ ಸೈಕಲ್ಲುಗಳಿಗೂ ಈ ಕಥೆಗೂ ಇರುವ ನಂಟು ಹೊರನೋಟದ್ದು. ಬಣ್ಣ ಬಳಿದ ದಪ್ಪ ಸುರುಳಿ ಸ್ಪ್ರಿಂಗು ಕಣ್ಣಿಗೆ ಕಾಣುತ್ತದೆ. ಪುಟಿತವನ್ನು ಹಿಡಿಯುವ ಎಣ್ಣೆ ಬಹುಪಾಲು ಅವುಗಳಲ್ಲಿ ಇರುವುದಿಲ್ಲ, ತೂಕಕ್ಕೆ ತಕ್ಕಂತೆ ಹೊಂದಿಸುವ ಏರ್ಪಾಡೂ ಇಲ್ಲ. ಹುಡುಗರು ಆಸೆಪಡುವುದು ಅದನ್ನೇ, ಅಪ್ಪಂದಿರು ಕೊಡಿಸುವುದೂ ಅದನ್ನೇ. ಡಾಂಬರು ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರು ದೂರದ ಶಾಲೆಗೆ ಹೋಗುವ ಹುಡುಗ ಅದರ ಮೇಲೆ ಕುಳಿತು ತುಳಿಯುವಾಗ ಸೀಟು ಮೇಲೆ ಕೆಳಗೆ ತೂಗುವುದನ್ನು ಹಿಂದಿನಿಂದ ನೋಡಿದರೆ ಅವನ ಕಾಲಿನ ಬಲ ಎಲ್ಲಿಗೆ ಹೋಗುತ್ತಿದೆ ಎಂಬುದು ತಿಳಿಯುತ್ತದೆ. ಅದೇ ಬೆಲೆಗೆ ಸ್ಪ್ರಿಂಗಿಲ್ಲದ, ಹಗುರ ಚೌಕಟ್ಟಿನ, ಒಳ್ಳೆಯ ಟಯರು ಬ್ರೇಕುಗಳ ಸೈಕಲ್ಲು ಬಂದರೆ ಅವನು ಇನ್ನೂ ಬೇಗ ಮನೆ ಸೇರಬಹುದು. ಹಳ್ಳ ಬಂದಾಗ ಸೀಟಿನಿಂದ ಏಳುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ.