ಬೆಲೆಯ ಮೇಲಣ ಬೆಲೆ: ವ್ಯಾಜಿ, ಆಯ, ಧರ್ಮಾದ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ವ್ಯಾಜೀ’ ಎಂಬ ಪಾರಿಭಾಷಿಕ ಶಬ್ದವೊಂದುಂಟು. ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದ ಪ್ರತಿಯನ್ನಾಧರಿಸಿ ಆರ್. ಶಾಮಶಾಸ್ತ್ರಿಗಳು ಆ ಗ್ರಂಥದ ಮೂಲವನ್ನು ೧೯೦೯ರಲ್ಲಿಯೂ ಅದರ ಇಂಗ್ಲಿಷ್ ಅನುವಾದವನ್ನು ೧೯೧೫ರಲ್ಲಿಯೂ ಪ್ರಕಟಿಸಿದರು. ಅಂದಿನಿಂದ ರಾಜನೀತಿ, ಗೂಢಚಾರರು, ದುರ್ಗರಚನೆ ಮುಂತಾದ ವಿಷಯಗಳನ್ನು ಕುರಿತು ಎಷ್ಟೋ ಚರ್ಚೆ ನಡೆದಿದೆ. ಅಂಗಡಿಯ ಮುಂದೆ ನಿಂತು ಸೇರು ಅಕ್ಕಿ ಕೊಳ್ಳುವವನಿಗೆ ನೇರಾಗಿ ಸಂಬಂಧಪಟ್ಟ ಈ ವ್ಯಾಜಿಯ ವಿಚಾರವಾದರೋ ಅಷ್ಟಾಗಿ ಲಕ್ಷ್ಯಕ್ಕೆ ಬಂದಂತೆ ತೋರುವುದಿಲ್ಲ.

‘ವ್ಯಾಜ’ವೆಂದರೆ ನೆಪ, ಕಪಟ. ಕನ್ನಡದಲ್ಲಿಯೂ ಕಪಟವಿಲ್ಲದ ಪ್ರೀತಿಯನ್ನು ‘ನಿರ್ವ್ಯಾಜ’ವೆಂದು ಕರೆಯುವ ರೂಢಿಯುಂಟು. ಹಿಂದಿಯ ‘ಬ್ಯಾಜ್’, ಮರಾಠಿಯ ‘ವ್ಯಾಜ’ ಎಂಬವು ಬಡ್ಡಿಯನ್ನು ಹೇಳುವ ಶಬ್ದಗಳು. ಇವೂ ಆ ಮೂಲದಿಂದಲೇ ಬಂದುವೆಂಬುದು ಭಾಷಾಶಾಸ್ತ್ರಜ್ಞರ ಮತ. ಅರ್ಥಶಾಸ್ತ್ರದ ವ್ಯಾಜಿಯಾದರೋ ಬಡ್ಡಿಯಲ್ಲ. ಗೊತ್ತಾದ ಬೆಲೆಗೆ ಕೈ ಹಚ್ಚದೆಯೇ, ಅಳತೆಯಿಂದಲೋ ನಾಣ್ಯದಿಂದಲೋ ಎತ್ತಿಕೊಳ್ಳುವ ಹೆಚ್ಚಳಕ್ಕೆ ಅಲ್ಲಿ ಈ ಹೆಸರು. ಆಡಿದ ಬೆಲೆ ಒಂದು, ಕೊಳ್ಳುವವನ ಗಂಟಿನಿಂದ ಕಳಚುವ ಮೊತ್ತ ಇನ್ನೊಂದು. ಇವೆರಡರ ನಡುವಣ ಅಂತರಕ್ಕೆ ‘ನೆಪ’ದ ಹೆಸರನ್ನೇ ಇಟ್ಟಿರುವುದು ಗಮನಾರ್ಹವಾದುದು.

ಇದು ನಡೆಯುತ್ತಿದ್ದ ಬಗೆ ಹೇಗೆ? ಎರಡನೆಯ ಅಧಿಕರಣದ ತುಲಾಮಾನ ಪ್ರಕರಣದಲ್ಲಿ ದ್ರೋಣವೆಂಬ ಒಂದೇ ಹೆಸರಿನ ಕೊಳಗವು ನಾಲ್ಕು ಪ್ರಮಾಣದ್ದಾಗಿ ಹೇಳಲ್ಪಟ್ಟಿದೆ. ಅರಸನ ಭಂಡಾರಕ್ಕೆ ಧಾನ್ಯ ಬರುವಾಗ ಬಳಸುವ ‘ಆಯಮಾನ’ ದ್ರೋಣಕ್ಕೆ ೨೦೦ ಪಲ. ವ್ಯಾಪಾರದ ‘ವ್ಯಾವಹಾರಿಕ’ಕ್ಕೆ ೧೮೭½ ಪಲ. ಆಳುಕಾಳುಗಳಿಗೆ ಅಳೆದುಕೊಡುವ ‘ಭಾಜನೀಯ’ಕ್ಕೆ ೧೭೫. ಅಂತಃಪುರದ ಬಟವಾಡೆಗೆ ೧೬೨½. ತಕ್ಕಡಿಯಲ್ಲಿಯೂ ಕ್ರಮ ಇದೇ: ಆಯಮಾನಿಯಲ್ಲಿ ನೂರು ಪಲವಾದರೆ ಮುಂದಿನ ಒಂದೊಂದರಲ್ಲಿಯೂ ಐದೈದು ಪಲ ಕಡಮೆ.

ಇದನ್ನು ಪಣ್ಯಾಧ್ಯಕ್ಷ ಪ್ರಕರಣದೊಡನೆ ಇಟ್ಟು ನೋಡಬೇಕು. ಅಲ್ಲಿ ಅಳೆಯುವ ಸರಕಿಗೆ ಹದಿನಾರರಲ್ಲಿ ಒಂದು ಪಾಲು, ತೂಗುವ ಸರಕಿಗೆ ಇಪ್ಪತ್ತರಲ್ಲಿ ಒಂದು, ಎಣಿಸುವ ಸರಕಿಗೆ ಹನ್ನೊಂದರಲ್ಲಿ ಒಂದು ಎಂದು ವಿಧಿಯಿದೆ. ಮೊದಲನೆಯದಕ್ಕೆ ‘ಮಾನವ್ಯಾಜೀ’ ಎಂದೇ ಹೆಸರು. ೨೦೦ ಪಲದ ಹದಿನಾರನೆಯ ಪಾಲು ೧೨½ ಪಲ. ಆಯಮಾನಕ್ಕೂ ವ್ಯಾವಹಾರಿಕಕ್ಕೂ ಇರುವ ಅಂತರ ಸರಿಯಾಗಿ ಅಷ್ಟೇ. ನೂರು ಪಲದ ಇಪ್ಪತ್ತನೆಯ ಪಾಲು ಐದು. ತಕ್ಕಡಿಗಳ ನಡುವಣ ಅಂತರವೂ ಅಷ್ಟೇ. ಬೇರೆ ಬೇರೆ ಪ್ರಕರಣಗಳಲ್ಲಿ ಚೆದರಿರುವ ಈ ಅಂಕೆಗಳು ಹೀಗೆ ಕೂಡಿಬರುವುದರಿಂದ, ಮಾನವ್ಯಾಜಿಯೆಂಬುದು ಪ್ರತ್ಯೇಕವಾಗಿ ಕೇಳಿ ಪಡೆಯುವ ತೆರಿಗೆಯಲ್ಲ, ದೊಡ್ಡ ಕೊಳಗದಲ್ಲಿ ತುಂಬಿಕೊಂಡು ಸಣ್ಣ ಕೊಳಗದಲ್ಲಿ ಸುರಿಯುವುದರಿಂದ ತಾನಾಗಿ ಉಳಿಯುವ ಪಾಲು ಎಂದು ತೋರುವುದು. ಬೆಲೆ ಏರಿತೆಂದು ಯಾರೂ ಕೂಗುವಂತಿಲ್ಲ. ಬೆಲೆ ಏರಿಯೇ ಇಲ್ಲವಷ್ಟೆ!

ನಾಣ್ಯದ ವಿಷಯದಲ್ಲಿ ಈ ಹೆಚ್ಚಳಕ್ಕೆ ಮೂರು ಹೆಸರು. ನೂರಕ್ಕೆ ಎಂಟರಂತೆ ರೂಪಿಕ, ನೂರಕ್ಕೆ ಐದರಂತೆ ವ್ಯಾಜಿ, ನೂರಕ್ಕೆ ಎಂಟನೆಯ ಒಂದು ಪಾಲಿನಂತೆ ಪರೀಕ್ಷೆಯ ಕೂಲಿ. ಅಳತೆಗಳಿಗೆ ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದವನಿಗೆ ೨೭¼ ಪಣ ದಂಡ. ಮುದ್ರೆಯ ಕೂಲಿಯೆಂದು ದಿನಕ್ಕೊಂದು ಕಾಕಣಿಯನ್ನು ಪೌತವಾಧ್ಯಕ್ಷನಿಗೆ ಸಲ್ಲಿಸಬೇಕು. ಅಳತೆಯಲ್ಲಿ ಮೋಸವಾಗದಂತೆ ಕಾಯುವ ಈ ಏರ್ಪಾಟಿನ ವೆಚ್ಚವನ್ನು ವರ್ತಕನು ತನ್ನ ಮನೆಯಿಂದ ಕೊಟ್ಟನೆಂದು ನಂಬುವುದು ಕಷ್ಟ.

ಆದರೆ ವ್ಯಾಜಿಯೆಲ್ಲವೂ ಕೊಳ್ಳುವವನಿಗೆ ನಷ್ಟವೇ ಎಂದು ಹೇಳಿದರೆ ಕೌಟಿಲ್ಯನಿಗೆ ಅನ್ಯಾಯವಾದೀತು. ಕಾಯಿಸಿದ ತುಪ್ಪಕ್ಕೆ ಮೂವತ್ತೆರಡರಲ್ಲಿ ಒಂದು, ಎಣ್ಣೆಗೆ ಅರುವತ್ತನಾಲ್ಕರಲ್ಲಿ ಒಂದು ಪಾಲು ‘ತಪ್ತವ್ಯಾಜೀ’ ಎಂದೂ, ದ್ರವವಸ್ತುಗಳಿಗೆ ಐವತ್ತರಲ್ಲಿ ಒಂದು ಪಾಲು ‘ಮಾನಸ್ರಾವ’ವೆಂದೂ ವಿಧಿಸಿದೆ. ಶಾಮಶಾಸ್ತ್ರಿಗಳ ಅನುವಾದದಂತೆ ಇವು ಮಾರುವವನಿಂದ ಕೊಳ್ಳುವವನಿಗೆ ಸಲ್ಲತಕ್ಕವು. ಬಿಸಿಯ ತುಪ್ಪ ಹಿಗ್ಗಿರುವುದು, ಎಣ್ಣೆ ಅಳತೆಯ ಪಾತ್ರೆಗೆ ಅಂಟಿ ಉಳಿಯುವುದು. ಆ ಕೊರತೆಯನ್ನು ತುಂಬಿಕೊಡುವುದು ಇವುಗಳ ಉದ್ದೇಶ. ಕನ್ನಡನಾಡಿನ ಸಂತೆಗಳಲ್ಲಿ ಅಳೆದ ಮೇಲೆ ಹಾಕುವ ‘ಕೊಸರು’ ಇದರ ಬಂಧುವೇ ಸರಿ. ಭೇದವಿಷ್ಟೆ, ಕೊಸರು ಮಾರುವವನ ಔದಾರ್ಯ, ತಪ್ತವ್ಯಾಜಿ ರಾಜಶಾಸನ.

ಅರಸನಿಗೆ ಸಂದ ಈ ಸಲಿಗೆ ವರ್ತಕನಿಗೆ ಸಲ್ಲುತ್ತಿರಲಿಲ್ಲ. ಕಂಟಕಶೋಧನ ಅಧಿಕರಣದಲ್ಲಿ ದ್ರೋಣದ ತೂಕ ಅರ್ಧ ಪಲ ಹೆಚ್ಚುಕಡಮೆಯಾದರೆ ದೋಷವಿಲ್ಲವೆಂದೂ, ಒಂದು ಪಲವಾದರೆ ೧೨ ಪಣ ದಂಡವೆಂದೂ ಹೇಳಿದೆ. ಹಿರಿದಾದ ಅಳತೆಯಿಂದ ಕೊಂಡು ಕಿರಿದಾದ ಅಳತೆಯಿಂದ ಮಾರುವವನಿಗೆ ಇಮ್ಮಡಿ ದಂಡ. ರಾಜಭಂಡಾರದಲ್ಲಿ ನೀತಿಯಾಗಿದ್ದ ಕಾರ್ಯವೇ ಅಂಗಡಿಯಲ್ಲಿ ಅಪರಾಧ! ವರ್ತಕನ ಲಾಭಕ್ಕೂ ಮಿತಿಯುಂಟು: ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ್ದಕ್ಕೆ ಹತ್ತು.

ಈ ಐದು, ಹತ್ತರ ಲೆಕ್ಕವೇ ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಬರುವುದು. ಅದರ ಬೆನ್ನಿಗೇ ಸ್ಮೃತಿಕಾರನು ಪ್ರಕೃತ ವಿಷಯಕ್ಕೆ ಅತ್ಯಂತ ಮುಖ್ಯವಾದ ಒಂದು ವಿಧಿಯನ್ನು ಹೇಳಿರುತ್ತಾನೆ. ಸರಕಿನಿಂದ ಹುಟ್ಟಿದ ವೆಚ್ಚವನ್ನೆಲ್ಲ ಸರಕಿನ ಮೇಲಿಟ್ಟು, ಕೊಳ್ಳುವವನಿಗೂ ಮಾರುವವನಿಗೂ ಅನುಗ್ರಹವಾಗುವಂತೆ ಬೆಲೆಯನ್ನು ಗೊತ್ತುಮಾಡಬೇಕೆಂಬುದು ಅದರ ತಾತ್ಪರ್ಯ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು (ಕ್ರಿ. ಶ. ೧೦೭೬–೧೧೨೬) ಆಳುತ್ತಿದ್ದಾಗ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯಲ್ಲಿ ಆ ವೆಚ್ಚಗಳನ್ನು ಬಿಡಿಸಿ ಹೇಳಿದೆ: ದೇಶಾಂತರಕ್ಕೆ ಹೋಗಿಬರುವ ಖರ್ಚು, ಸರಕನ್ನು ಹಿಡಿಯುವ ಖರ್ಚು, ಸುಂಕ ಮುಂತಾದುವು. ಇವನ್ನೆಲ್ಲ ಎಣಿಸಿ ಸರಕಿನ ಮೂಲಬೆಲೆಯೊಡನೆ ಕೂಡಿಸಿ, ನೂರು ಪಣಕ್ಕೆ ಹತ್ತು ಪಣ ಲಾಭ ಬರುವಂತೆ ರಾಜನು ಬೆಲೆಯನ್ನು ನಿಲ್ಲಿಸಬೇಕು. ಅಂದಮೇಲೆ ಸುಂಕ, ಸಾಗಾಣಿಕೆ, ಕೂಲಿ ಎಲ್ಲವೂ ಬೆಲೆಯ ಒಳಗಿರತಕ್ಕವು. ಬೆಲೆ ಹೇಳಿದ ಮೇಲೆ ‘ಇದಕ್ಕಿಷ್ಟು, ಅದಕ್ಕಿಷ್ಟು’ ಎಂದು ಮತ್ತೆ ಕೈಚಾಚಲು ಎಡೆಯಿಲ್ಲ. ಅಳತೆಯಲ್ಲಿ ಅಂತರವಿಟ್ಟ ಕೌಟಿಲ್ಯನ ದಾರಿಗೂ ಇದಕ್ಕೂ ದೂರ ಬಹಳ.

ವಿಜ್ಞಾನೇಶ್ವರನು ಈ ವ್ಯಾಖ್ಯಾನವನ್ನು ಬರೆಯುತ್ತಿದ್ದಾಗ ಅದೇ ರಾಜ್ಯದ ಪೇಟೆಗಳಲ್ಲಿ ನಡೆಯುತ್ತಿದ್ದುದೇನು? ಇದಕ್ಕೆ ಶಾಸನಗಳೇ ಸಾಕ್ಷಿ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ರಾಜಸುಂಕಗಳ ಹೆಸರು ಚಾಳುಕ್ಯಶಾಸನಗಳನ್ನು ಓದಿದವರಿಗೆ ಪರಿಚಿತವಾದುವೇ. ಅವುಗಳ ಅರ್ಥವಿಚಾರ ಇಲ್ಲಿ ಪ್ರಕೃತವಲ್ಲ. ಅವಲ್ಲದೆ ಇನ್ನೊಂದು ಬಗೆಯ ಎತ್ತುವಳಿಯುಂಟು. ಅಯ್ಯಾವೊಳೆಯ ಐನೂರ್ವರು, ನಾನಾದೇಶಿಗಳು, ಮುಮ್ಮುರಿದಂಡಗಳು ಮುಂತಾದ ವರ್ತಕಸಂಘಗಳು ನೆರೆದು ದೇವರ ನಂದಾದೀವಿಗೆಗೋ ಅಂಗಭೋಗಕ್ಕೋ ‘ಆಯ’ವನ್ನು ಬಿಟ್ಟ ವಿಷಯ ೧೧, ೧೨ನೆಯ ಶತಮಾನಗಳ ಕನ್ನಡಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು. ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ, ಹೇರಿಗೆ ಇಷ್ಟು ವೀಳೆಯದೆಲೆ, ಹೊನ್ನಿನ ವ್ಯಾಪಾರಕ್ಕೆ ಒಂದು ವೀಸ, ಹೀಗೆ. ವೀಸವೆಂದರೆ ಹದಿನಾರರಲ್ಲಿ ಒಂದು ಪಾಲು. ಮಾನವ್ಯಾಜಿಯೂ ಹದಿನಾರರಲ್ಲಿ ಒಂದೇ ಆದರೂ, ಇವೆರಡಕ್ಕೆ ಸಂಬಂಧ ಕಲ್ಪಿಸುವುದು ಸಾಹಸದ ಮಾತಾದೀತು.

ಈ ಆಯವನ್ನು ಕೊಟ್ಟವರು ಯಾರು? ಶಾಸನದ ಮಾತಿನಂತೆ ಸೆಟ್ಟಿಗಳು. ಅವರ ಬಿರುದಾವಳಿಗಳೇ ಎಷ್ಟೋ ಸಾಲುಗಳನ್ನು ತುಂಬಿರುತ್ತವೆ; ದಾನದ ಪುಣ್ಯವೂ ಅವರದೇ. ಆದರೆ ಲೆಕ್ಕದ ರೀತಿಯನ್ನು ನೋಡಿದರೆ ಬೇರೆಯೇ ತೋರುವುದು. ಗಾಣಕ್ಕೆ ಸೊಲ್ಲಗೆ ಎಂಬುದು ಗಾಣವಾಡುವವನ ಕಸುಬಿನ ಮೇಲೆ ಬಿದ್ದುದು. ಅದನ್ನು ಅವನೇ ಹೊತ್ತನೆಂದು ಬೇಕಾದರೆ ಹೇಳಬಹುದು. ಹೇರಿಗೆ, ಹೊನ್ನಿಗೆ ಎಂದು ನಿಂತ ಆಯ ಹಾಗಲ್ಲ. ಅದು ವರ್ತಕನಿಗೆ ಬಂದ ಲಾಭವನ್ನು ನೋಡುವುದಿಲ್ಲ. ಮಾರಿದ ಮೊತ್ತವನ್ನು ನೋಡುವುದು. ಪೇಟೆಯ ಅಂಗಡಿಗಳೆಲ್ಲ ಒಪ್ಪಿ ಒಂದೇ ದರದಲ್ಲಿ ಎತ್ತುವ ಹಣವನ್ನು ಯಾವ ಅಂಗಡಿಯವನೂ ತನ್ನ ಲಾಭದಿಂದ ಕಳೆದುಕೊಳ್ಳಬೇಕಾದ ಕಾರಣವಿಲ್ಲ. ಅದು ಬೆಲೆಯಲ್ಲಿ ಸೇರಿ ಕೊನೆಗೆ ಕೊಳ್ಳುವವನ ತಲೆಯ ಮೇಲೆಯೇ ಇಳಿಯುವುದು. ಸಂಘದವರು ಧರ್ಮಬುದ್ಧಿಯಿಂದ ತಮ್ಮ ಲಾಭವನ್ನೇ ಬಿಟ್ಟುಕೊಟ್ಟರೆಂದು ವಾದಿಸುವವರು ಇರಬಹುದು. ಕೆಲವರು ಹಾಗೆ ಬಿಟ್ಟಿದ್ದರೂ ಇರಬಹುದು. ಆದರೆ ಆಚಂದ್ರಾರ್ಕವಾಗಿ, ಮುಂದೆ ಬರುವ ವರ್ತಕರೆಲ್ಲರ ಮೇಲೆಯೂ ನಿಲ್ಲುವಂತೆ ಕಲ್ಲಿನಲ್ಲಿ ಬರೆಸಿದ ಆಯವನ್ನು ವೈಯಕ್ತಿಕ ತ್ಯಾಗವೆಂದು ಹೇಳುವುದು ಯುಕ್ತವಲ್ಲ. ಉಪ್ಪು, ಎಲೆ, ಅಡಕೆ ಕೊಂಡ ಒಕ್ಕಲಿಗನ ಹೆಸರು ಆ ದಾತೃಗಳ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಹೀಗಿದ್ದರೂ ಈ ಆಯದಲ್ಲಿ ಒಂದು ಗುಣವುಂಟು. ಅದು ಗುಟ್ಟಲ್ಲ. ದೇವಾಲಯದ ಮುಂದೆ ನಿಲ್ಲಿಸಿದ ಕಲ್ಲಿನಲ್ಲಿ, ಯಾವ ಸರಕಿಗೆ ಎಷ್ಟು, ಯಾವ ದೇವರಿಗೆ ಎಂಬುದೆಲ್ಲ ಬರೆದಿದೆ; ತಪ್ಪಿದವನಿಗೆ ಶಾಪವೂ ಕೆಳಗಿದೆ. ಕೌಟಿಲ್ಯನ ನಾಲ್ಕು ಕೊಳಗಗಳ ಅಂತರವನ್ನು ಬಲ್ಲವರು ಅಧ್ಯಕ್ಷರು. ಆಯದ ದರವನ್ನು ಬಲ್ಲವರು ಊರಿನವರೆಲ್ಲ.

ಈ ಪದ್ಧತಿಯ ಹೆಸರು ಮಾತ್ರ ಉಳಿದು ಗುಣ ಹೋದ ಕಾಲವನ್ನು ಬ್ರಿಟಿಷರ ಆಳಿಕೆಯ ಮಂಡಿಗಳಲ್ಲಿ ಕಾಣಬಹುದು. ಅಲ್ಲಿ ಪೆಟ್ಟು ಬಿದ್ದುದು ಕೊಳ್ಳುವವನಿಗಿಂತ ಹೆಚ್ಚಾಗಿ ಮಾರಲು ಬಂದ ರೈತನಿಗೆ. ದಲಾಲಿ, ಹಮಾಲಿ, ತೂಕದ ಕೂಲಿ, ಮಾದರಿಯೆಂದು ಎತ್ತಿಕೊಂಡ ಕಾಳು, ಇವುಗಳ ಸಾಲಿನಲ್ಲಿ ‘ಧರ್ಮಾದ’ವೆಂದು ಇನ್ನೊಂದು ಕಡಿತ. ಬೆಲೆಯನ್ನೇ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಗೊತ್ತುಮಾಡುವ ಪದ್ಧತಿಯಿದ್ದಾಗ, ಬೆಲೆಯಿಂದ ಕಳೆದುದೆಷ್ಟು ಎಂದು ರೈತನು ಕೇಳುವುದಾದರೂ ಹೇಗೆ? ೧೯೨೬ರಲ್ಲಿ ನೇಮಕವಾಗಿ ೧೯೨೮ರಲ್ಲಿ ವರದಿಯಿತ್ತ ಕೃಷಿಯ ರಾಯಲ್ ಕಮಿಷನ್ನು ಇಂಥ ಕಡಿತಗಳನ್ನು ಖಂಡಿಸಿ, ಕಾಯಿದೆಗೊಳಪಟ್ಟ ಮಾರುಕಟ್ಟೆಗಳಾಗಬೇಕೆಂದು ಸೂಚಿಸಿತು. ಹಲವು ಆಳಿಕೆಗಳಲ್ಲಿ ಹಂಚಿಹೋಗಿದ್ದ ಕನ್ನಡನಾಡಿಗೆ ಕಾಯಿದೆಗಳೂ ಹಲವಾಗಿ ಬಂದುವು: ಹೈದರಾಬಾದಿನದು ೧೯೩೦ರಲ್ಲಿ, ಮದರಾಸಿನದು ೧೯೩೩ರಲ್ಲಿ, ಮುಂಬಯಿಯದೂ ಮೈಸೂರಿನದೂ ೧೯೩೯ರಲ್ಲಿ. ಇವೆಲ್ಲಕ್ಕೆ ಬದಲಾಗಿ ಏಕೀಕೃತ ರಾಜ್ಯಕ್ಕೆ ಒಂದೇ ಕಾಯಿದೆಯಾದುದು ೧೯೬೬ರಲ್ಲಿ.

ಧರ್ಮಾದದ ಚರ್ಚೆ ಅಷ್ಟಕ್ಕೇ ಮುಗಿಯಲಿಲ್ಲ. ಗಿರಾಕಿಯ ಪಟ್ಟಿಯಲ್ಲಿ ಸರಕಿನ ಬೆಲೆಯ ಕೆಳಗೆ ಧರ್ಮಾದವೆಂದು ಪ್ರತ್ಯೇಕವಾಗಿ ಹಾಕಿ ವಸೂಲುಮಾಡಿದ ಹಣ ವರ್ತಕನ ಆದಾಯವೇ ಅಲ್ಲವೇ ಎಂಬ ಪ್ರಶ್ನೆ ಭಾರತದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ೧೯೭೮ರಲ್ಲಿ, ಹತ್ತಿಯ ಗಿರಣಿಯೊಂದರ ಮೊಕದ್ದಮೆಯಲ್ಲಿ, ಅದು ಆದಾಯವಲ್ಲ, ಧರ್ಮಕ್ಕಾಗಿ ಮೀಸಲಾದ ಹಣ ಎಂದು ತೀರ್ಪಾಯಿತು. ಕೊಡಲೇಬೇಕಾದ ಹಣವಾದರೂ ಅದು ಬೆಲೆಯಲ್ಲ. ಕ್ರಯವು ಅದಕ್ಕೆ ಸಂದರ್ಭವೇ ಹೊರತು ಪ್ರತಿಫಲವಲ್ಲ ಎಂಬುದು ಅಲ್ಲಿಯ ವಿಚಾರಸರಣಿ. ಮೀಮಾಂಸಕರ ಭಾಷೆಯಲ್ಲಿ ಹೇಳುವುದಾದರೆ ಕ್ರಯವು ದಾನಕ್ಕೆ ‘ನಿಮಿತ್ತ’ ಮಾತ್ರ. ಎಕ್ಸೈಜ್ ಸುಂಕದ ಲೆಕ್ಕದಲ್ಲಿಯೂ ಧರ್ಮಾದವನ್ನು ಬೆಲೆಗೆ ಸೇರಿಸಕೂಡದೆಂದು ಅದೇ ನ್ಯಾಯಾಲಯ ೨೦೧೯ರಲ್ಲಿ ಹೇಳಿತು. ಈ ಸರಣಿಯಿಂದ ಹೊರಡುವ ಒಂದು ಫಲವನ್ನು ಇತಿಹಾಸಕಾರನು ಗಮನಿಸಬೇಕು: ಹಣ ವರ್ತಕನದಲ್ಲವಾದರೆ ದಾತೃವೂ ವರ್ತಕನಲ್ಲ, ಕೊಂಡವನು. ಆದರೆ ಕೊಡಲೇಬೇಕಾದುದನ್ನು ದಾನವೆನ್ನುವುದು ಧರ್ಮಶಾಸ್ತ್ರದ ದೃಷ್ಟಿಯಿಂದ ಸುಲಭವಾಗಿ ಒಪ್ಪುವ ಮಾತಲ್ಲ, ಸ್ವೇಚ್ಛೆಯಿಲ್ಲದೆಡೆ ದಾನವೆಲ್ಲಿಯದು?

ಇತ್ತೀಚಿನ ವಿಧಿಗಳು ಮಿತಾಕ್ಷರೆಯ ಕಡೆಗೆ ವಾಲಿವೆ. ಕಟ್ಟಿದ ಪೊಟ್ಟಣದ ಮೇಲೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆಯನ್ನು ಮುದ್ರಿಸಬೇಕೆಂಬ ನಿಯಮ, ಹೋಟೆಲುಗಳು ಸೇವಾಶುಲ್ಕವನ್ನು ಪಟ್ಟಿಗೆ ತಾವಾಗಿ ಸೇರಿಸಕೂಡದೆಂದು ೨೦೨೨ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿ, ಅದನ್ನು ೨೦೨೫ರ ಮಾರ್ಚಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಎತ್ತಿಹಿಡಿದುದು, ಇವು ಈ ಸಾಲಿಗೆ ಸೇರುವುವು. ೨೦೨೩ರ ನವೆಂಬರಿನಲ್ಲಿ ಅದೇ ಪ್ರಾಧಿಕಾರವು ವಿದ್ಯುನ್ಮಾನ ವ್ಯಾಪಾರದ ೧೩ ಬಗೆಯ ಕಪಟಗಳನ್ನು ಹೆಸರಿಸಿ ನಿಷೇಧಿಸಿತು. ಮೊದಲು ಕಡಮೆ ಬೆಲೆ ತೋರಿಸಿ, ಹಣ ಕೊಡುವ ಹೊತ್ತಿಗೆ ತೊಟ್ಟುತೊಟ್ಟಾಗಿ ಏರಿಸುವುದು ಅವುಗಳಲ್ಲೊಂದು. ಕೊಂಡವನಿಗೆ ತಿಳಿಯದಂತೆ ಅವನ ಬುಟ್ಟಿಗೆ ದಾನದ ಹಣವನ್ನು ಸೇರಿಸುವುದೂ ಅಲ್ಲಿ ನಿಷಿದ್ಧವಾಗಿದೆ.

ಶಾಸನಗಳ ವಿಷಯದಲ್ಲಿ ಮಾಡಬೇಕಾದ ಕೆಲಸ ಇನ್ನೂ ಇದೆ. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಬರುವ ಆಯಗಳನ್ನು, ಅಂಗಡಿಗೆ ಅಥವಾ ಗಾಣಕ್ಕೆ ಇಷ್ಟೆಂದು ನಿಂತವು ಯಾವುವು, ಮಾರಿದ ಹೇರಿಗೆ ಅಥವಾ ಹೊನ್ನಿಗೆ ಇಷ್ಟೆಂದು ನಿಂತವು ಯಾವುವು ಎಂದು ಎರಡಾಗಿ ವಿಂಗಡಿಸಿ, ಸರಕು, ದರ, ಊರು, ಶಕವರ್ಷಗಳೊಡನೆ ಪಟ್ಟಿಮಾಡಿದರೆ, ಚಾಳುಕ್ಯ ಹೊಯ್ಸಳರ ಕಾಲದ ದೇವಾಲಯಗಳ ದೀಪಕ್ಕೆ ಸೆಟ್ಟಿಗಳು ಎರೆದ ಎಣ್ಣೆ ಎಷ್ಟು, ಹೆಸರಿಲ್ಲದೆ ಕೊಂಡವರು ಎರೆದುದೆಷ್ಟು ಎಂಬುದು ಊಹೆಯನ್ನು ದಾಟಿ ಲೆಕ್ಕಕ್ಕೆ ಸಿಗಬಹುದು.