ಎಂಜಿನ್ ಮರಳಿ ಬಂತು, ಹಳಿ ಹಾಕಿದವರು?

1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಎರಡು ಉಗಿ ಎಂಜಿನ್‌ಗಳು ಎದುರುಬದುರು ನಿಂತವು. ಸೆಂಟ್ರಲ್ ಪೆಸಿಫಿಕ್‌ನ ‘ಜುಪಿಟರ್’ ಪಶ್ಚಿಮದಿಂದ, ಯೂನಿಯನ್ ಪೆಸಿಫಿಕ್‌ನ ‘ನಂ. 119’ ಪೂರ್ವದಿಂದ. ಅಮೆರಿಕದ ಎರಡು ದಿಕ್ಕಿನ ಹಳಿಗಳು ಅವತ್ತು ಕೂಡಿದವು. ಅಷ್ಟು ಸಂಭ್ರಮಪಟ್ಟ ದೇಶ ಆ ಎಂಜಿನ್‌ಗಳನ್ನೇ ಉಳಿಸಿಕೊಳ್ಳಲಿಲ್ಲ. 1903ರಲ್ಲಿ 119, 1909ರಲ್ಲಿ ಜುಪಿಟರ್ ಗುಜರಿಗೆ ಹೋದವು.

ಈಗ ಅಲ್ಲಿ ಓಡೋದು ಪ್ರತಿಕೃತಿಗಳು. ನ್ಯಾಷನಲ್ ಪಾರ್ಕ್ ಸರ್ವಿಸ್‌ಗಾಗಿ ಕ್ಯಾಲಿಫೋರ್ನಿಯಾದ ಓ’ಕಾನರ್ ಎಂಜಿನಿಯರಿಂಗ್ ಕಟ್ಟಿದ ಇವು 1979ರಲ್ಲಿ ಹಳಿಗಿಳಿದವು. ಮೂಲ ನಕ್ಷೆಗಳಿರಲಿಲ್ಲ. ಹಳೇ ಫೋಟೋಗಳನ್ನು ಹಿಗ್ಗಿಸಿ, ಅಳತೆ ಲೆಕ್ಕ ಹಾಕಿ, ಬಿಡಿಭಾಗಗಳಿಗೆ ಹೊಸದಾಗಿ ನಕ್ಷೆ ಬರೆದರು. ಜುಪಿಟರ್ ಹೊಟ್ಟೆಗೆ ಈಗಲೂ ಸೌದೆ, 119ಕ್ಕೆ ಕಲ್ಲಿದ್ದಲು, ಆಗಿನ ಹಾಗೇ. ಕಪ್ಪು-ಬಿಳುಪು ಫೋಟೋದಲ್ಲಿ ಬಣ್ಣ ಗೊತ್ತಾಗಲ್ವಲ್ಲ, ಜುಪಿಟರ್‌ಗೆ ಮೊದಲು ಕೆಂಪು ಬಳಿದಿದ್ದರು. ಆಮೇಲೆ ಹಳೇ ಪತ್ರಿಕಾ ವರದಿಯೊಂದು ಸಿಕ್ಕಿ ನೀಲಿ ಮಾಡಿದರು.

ಈ ನಿಷ್ಠೆ ನನಗೆ ಇಷ್ಟ. ಯಾವುದಕ್ಕೆ ನಿಷ್ಠೆ ಅನ್ನೋದೇ ನನ್ನ ತಕರಾರು. ಪ್ರತಿಕೃತಿಗೆ ಆಧಾರ ಫೋಟೋ. ಫೋಟೋದಲ್ಲಿ ಬಿಟ್ಟುಹೋದದ್ದು ಪ್ರತಿಕೃತಿಯಲ್ಲೂ ಬರಲ್ಲ. ಸಿಯೆರಾ ನೆವಾಡಾದ ಗ್ರಾನೈಟ್ ಕೊರೆದ ಸೆಂಟ್ರಲ್ ಪೆಸಿಫಿಕ್ ಕೂಲಿಗಳಲ್ಲಿ ಬಹುಪಾಲು ಚೀನೀಯರು, ಹತ್ತು ಸಾವಿರಕ್ಕೂ ಹೆಚ್ಚು ಜನ. 1867ರ ಜೂನ್‌ನಲ್ಲಿ ಬಿಳಿಯರಷ್ಟೇ ಕೂಲಿ ಕೇಳಿ ಮುಷ್ಕರ ಹೂಡಿದಾಗ ಕಂಪನಿ ಅವರ ದಿನಸಿಯನ್ನೇ ನಿಲ್ಲಿಸಿ ಬಗ್ಗಿಸಿತು. ಆಂಡ್ರ್ಯೂ ರಸೆಲ್ ತೆಗೆದ ಆ ಪ್ರಸಿದ್ಧ ಚಿತ್ರದಲ್ಲಿ ಅವರ ಮುಖ ಹುಡುಕಿದರೂ ಸಿಗಲ್ಲ. 1882ರಲ್ಲಿ ಚೀನೀ ಕೂಲಿಗಳು ದೇಶದೊಳಗೆ ಬರದಂತೆ ಕಾನೂನೂ ಆಯ್ತು.

ಅಮೆರಿಕದ ಕಾರ್ಮಿಕ ಇಲಾಖೆ ತನ್ನ ಗೌರವ ಪಟ್ಟಿಗೆ ಅವರನ್ನು ಸೇರಿಸಿದ್ದು 2014ರಲ್ಲಿ, ಎಂಜಿನ್‌ಗಳು ಮರಳಿ ಬಂದು 35 ವರ್ಷವಾದ ಮೇಲೆ.