ಗಮಾರ ಅಂದವರು ಯಾರು?

ನರೇಗಲ್ ಸೀಮೆಯ ಹುಡುಗ ಶಾಲೆಯಲ್ಲಿ ಎದ್ದು ನಿಂತು 'ಹೊಲಕ್ಕ ಹೋಗಿದ್ನಿರಿ' ಅಂತಾನೆ. 'ಹೊಲಕ್ಕೆ ಹೋಗಿದ್ದೆನು ಅನ್ನೋ, ಗಮಾರ' ಅನ್ನುವ ಉತ್ತರ ಬರುತ್ತದೆ. ಎಲ್ಲಾರೂ ನಗತಾರೆ. ಆ ಹುಡುಗ ಮತ್ತೆ ಬಾಯಿ ಬಿಡೋದಿಲ್ಲ. ನಮ್ಮಲ್ಲಿ ಬಹಳ ಮಂದಿ ಹೀಗೆ ಬಾಯಿ ಮುಚ್ಚಿಕೊಂಡೇ ಓದಿದವರು. ಅದಕ್ಕೇ ಈ ಬೈಗುಳದ ಬೇರು ಕೆದಕಿ ನೋಡಿದೆವು.

ಗಮಾರ ಅಂದರೆ ಬೇರೇನಲ್ಲ, ಹಳ್ಳಿಯವ. ಹಳಗನ್ನಡದ 'ಗಾವಿಲ'ನೂ ಅವನೇ. ಅಲಂಕಾರಶಾಸ್ತ್ರದವರು 'ಗ್ರಾಮ್ಯ'ವನ್ನು ಕಾವ್ಯದ ದೋಷಗಳಲ್ಲಿ ಸೇರಿಸಿದರು. ನಗರದಲ್ಲಿದ್ದವ ನಾಗರಿಕನಾದ. ದುಡಿದು ಅನ್ನ ಹಾಕಿದವ ದೋಷವಾದ.

ಇದು ನಮ್ಮ ದೇಶದ್ದಷ್ಟೇ ರೋಗವಲ್ಲ. ರೋಮಿನವರಿಗೂ ಪಟ್ಟಣದವ 'ಉರ್ಬಾನುಸ್', ಅಂದರೆ ನಯಗಾರ. ಹಳ್ಳಿಯವ 'ರುಸ್ತಿಕುಸ್', ಅಂದರೆ ಒರಟ. ಜಮೀನುದಾರನ ಹೊಲದಲ್ಲಿ ದುಡಿಯುವವನಿಗೆ ಇದ್ದ 'ವಿಲ್ಲಾನುಸ್' ಅನ್ನುವ ಮಾತೇ ಮುಂದೆ ಇಂಗ್ಲಿಷಿನಲ್ಲಿ 'ವಿಲನ್' ಆಯಿತು. ಸಿನಿಮಾದಲ್ಲಿ ನಾವು ನೋಡುವ ಕೇಡಿಗ ಮೂಲದಲ್ಲಿ ಒಬ್ಬ ರೈತಾಳು!

ಲ್ಯಾಟಿನ್ನಿನಲ್ಲಿ ಇನ್ನೊಂದು ಮಾತುಂಟು: 'ಇನೆಪ್ಟುಸ್'. 'ಆಪ್ಟುಸ್' ಅಂದರೆ ಹೊಂದಿಕೊಂಡದ್ದು, ಒಪ್ಪುವಂಥದ್ದು. ಇನೆಪ್ಟುಸ್ ಅಂದರೆ ಒಪ್ಪದ್ದು, ಹೊಂದದ್ದು. ಕ್ರಿ.ಪೂ. 55ರಲ್ಲಿ ಸಿಸೆರೊ ಭಾಷಣಕಲೆಯ ಮೇಲೆ ಬರೆದ ಪುಸ್ತಕದಲ್ಲಿ ಕ್ರಾಸ್ಸುಸ್ ಅನ್ನುವವ ಈ ಮಾತನ್ನು ಬಿಡಿಸಿ ಹೇಳುತ್ತಾನೆ: ಹೊತ್ತು ಗೊತ್ತು ಅರಿಯದವ, ಅತಿ ಮಾತಿನವ, ತನ್ನನ್ನೇ ಮೆರೆಸುವವ, ಜೊತೆಗಿದ್ದವರ ಘನತೆ ನೋಡದವ. ಗ್ರೀಕರಲ್ಲಿ ಈ ದೋಷ ಎಷ್ಟು ತುಂಬಿದೆ ಅಂದರೆ ಅದಕ್ಕೆ ಅವರ ಭಾಷೆಯಲ್ಲಿ ಹೆಸರೇ ಇಲ್ಲ ಅಂತ ಅವನ ಕುಹಕ. ಅವನ ಗುರಿ ಹಳ್ಳಿಯವನಲ್ಲ, ಕೇಳದಿದ್ದರೂ ಪಾಂಡಿತ್ಯ ಸುರಿಯುವ ಗ್ರೀಕ್ ಪಂಡಿತ. (ನಮ್ಮ ಸಭೆಗಳ ಅಧ್ಯಕ್ಷ ಭಾಷಣ ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.) ಆದರೆ ಇದೇ ಮಾತು ಇಂಗ್ಲಿಷಿಗೆ ಇಳಿದು 'ಇನೆಪ್ಟ್' ಆದಾಗ ಅರ್ಥ ಕೈಲಾಗದವ ಅಂತ ನಿಂತಿತು. ಸಭೆಗೆ ಒಪ್ಪದವ, ಕೆಲಸಕ್ಕೂ ಬಾರದವ ಅಂತಾಯಿತು. ಒಪ್ಪ ಅಂದರೇನು ಅಂತ ಗೊತ್ತುಮಾಡಿದವರು ಯಾರು?

ಧಾರವಾಡದಲ್ಲಿ ಅದನ್ನು ಗೊತ್ತುಮಾಡಿದವರ ದಾಖಲೆ ಇದೆ. 1856ರಲ್ಲಿ ಒಬ್ಬ ಮಹಾರ್ ಹುಡುಗ ಅಲ್ಲಿನ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಟ್ಟ. ಶಾಲೆ ಒಲ್ಲೆ ಅಂತು. ಮುಂಬಯಿ ಸರಕಾರವೂ ಕೈ ಚೆಲ್ಲಿತು: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರಿಗೆ ಶಾಲೆಯೇ ನಿರುಪಯೋಗ ಆಗುತ್ತದೆ! ಸರಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ 1858ರಲ್ಲಿ ಲಂಡನ್ನಿನಿಂದ ಬರೆದು ಬಂತು. ಕಾಗದ ಬಂತು, ಬಾಗಿಲು ತೆರೆಯಲಿಲ್ಲ. ಈ ಪ್ರಕರಣವನ್ನು ಮುಂದೆ ಅಂಬೇಡ್ಕರರು ಎತ್ತಿ ತೋರಿಸಿದರು. ಅವರೇ ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂತವರು, ಜವಾನ ಎತ್ತರದಿಂದ ಹೊಯ್ದಾಗಷ್ಟೇ ನೀರು ಕುಡಿದವರು. ಹೀಗೆ ಮೂಲೆಗೆ ಕೂಡಿಸಿ, ಬಾಗು ಅಂದು, ಹಿಂದಕ್ಕೆ ಸರಿ ಅಂದು, ಆಮೇಲೆ 'ಇವಗ ನೆಟ್ಟಗ ನಿಲ್ಲಾಕ ಬರೂದಿಲ್ಲ' ಅಂತ ನಗೋದು. ಕೇರಿಯವನಿಗಂತೂ 'ಗ್ರಾಮ್ಯ' ಅನ್ನಿಸಿಕೊಳ್ಳುವ ಭಾಗ್ಯವೂ ಇರಲಿಲ್ಲ, ಯಾಕಂದ್ರ ಅವನ ಮನೆ ಗ್ರಾಮದ ಹೊರಗೇ ಇತ್ತು.

ಇನ್ನು ನರೇಗಲ್ಲಿನ ಮಾತು. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ನಡುವಿನದೇ ಕನ್ನಡದ ತಿರುಳು ಅನ್ನುತ್ತದೆ. ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ನಕಾಶೆ ತೆಗೆದು ನೋಡಿ, ನರೇಗಲ್ ಆ ನಾಲ್ಕರ ಒಳಗೇ ಬೀಳುತ್ತದೆ. ಓದು ಕಲಿಯದವರೂ ಕಾವ್ಯದಲ್ಲಿ ಪಳಗಿದವರು ಅಂತ ಈ ನಾಡಿನ ಜನರನ್ನು ಹೊಗಳಿದ್ದು ಅದೇ ಗ್ರಂಥ. ಹತ್ತಿರದ ಮುಳುಗುಂದದ ನಯಸೇನ 1112ರ ಸುಮಾರಿಗೆ, ಕನ್ನಡದಲ್ಲಿ ಸಂಸ್ಕೃತ ಬೆರೆಸೋದು ತುಪ್ಪದಲ್ಲಿ ಎಣ್ಣೆ ಬೆರೆಸಿದ ಹಾಗೆ ಅಂದ. ಅಷ್ಟಾದರೂ ತಿರುಳಿನೊಳಗಿನ ಹುಡುಗ ಇವತ್ತು ಗಮಾರ. ಪಠ್ಯಪುಸ್ತಕದ ಕನ್ನಡ ಅಚ್ಚಾಗುವುದು ಬೇರೆ ಕಡೆ. ಆದರೆ ಇದನ್ನು ಬರೇ ಬೆಂಗಳೂರು ಮೈಸೂರಿನ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಮ್ಮೂರಿನ ಗೌಡರ ಮನೆಯ ಕನ್ನಡವೂ ಕೇರಿಯ ಕನ್ನಡವನ್ನು ನೋಡಿ ನಕ್ಕಿದೆ.

1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದುಬಿಟ್ಟರು. ಸಿಸೆರೊನ ಪಟ್ಟಿ ಹಿಡಿದು ನೋಡಿದರೆ ಇದು ಇನೆಪ್ಟುಸ್ ಮಾತೇ, ಕೂತವರ ಘನತೆ ನೋಡದ ಮಾತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು. ಆ ಸಿಟ್ಟಿನಿಂದಲೇ ದಲಿತ ಚಳವಳಿ ಎದ್ದಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಬರೆದ ದೇವನೂರ ಮಹಾದೇವರ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗ್ರಾಮ್ಯ ಅಂತ ತಿದ್ದಿಸಿಕೊಂಡಿದ್ದರೆ ಅದು ಪುಸ್ತಕವೇ ಆಗುತ್ತಿರಲಿಲ್ಲ.

ಮಾಸ್ತರ ಗೆಳೆಯರಲ್ಲಿ ಒಂದು ಮಾತು. ಆ ಹುಡುಗನ 'ಹೋಗಿದ್ನಿರಿ'ಯನ್ನು ಇನ್ನೊಮ್ಮೆ ಕೇಳಿ. ಅದರ ಕೊನೆಗೆ ನಿಮಗೆ ಕೊಟ್ಟ ಮರ್ಯಾದೆಯ 'ರಿ' ಇದೆ. ನೀವು ತಿದ್ದಿ ಕೊಟ್ಟ 'ಹೋಗಿದ್ದೆನು' ಅನ್ನುವುದರಲ್ಲಿ ಅದು ಇಲ್ಲ.